ಮೂರು ಮನೆಯ ಹಂಚು

ಹೋದ ವಾರ ಕಣ್ಣು ತೋರಿಸಲು ಕುಮಟಾಕ್ಕೆ ಹೋಗಿದ್ದೆ. ವಾಪಸು ಬರುವಾಗ ಬಸ್ಸಿಗೆ ಕಾಯುತ್ತ ನಿಂತ ಜಾಗದ ಹತ್ತಿರವೇ ಯಾರೋ ಮನೆ ಕೆಡವಿದ ಹಂಚನ್ನು ರಾಶಿ ಹಾಕಿ ಮಾರಲು ಇಟ್ಟಿದ್ದರು. ಮಳೆ ಇನ್ನೂ ಹಿಡಿದಿರಲಿಲ್ಲ. ನಾಲ್ಕು ಹನಿ ಬಿದ್ದು ಬಿಟ್ಟಿತ್ತು ಅಷ್ಟೆ. ಬಿಸಿಲಿಗೆ ಕಾದ ಹಂಚಿನ ಮೇಲೆ ಹನಿ ಬಿದ್ದರೆ ಒಂದು ವಾಸನೆ ಬರುತ್ತದೆ. ಬರೀ ಮಣ್ಣಿನದ್ದಲ್ಲ, ಬರೀ ಮಸಿಯದ್ದೂ ಅಲ್ಲ, ಎರಡೂ ಕೂಡಿದ್ದು. ಜನ ಅದನ್ನು ಒಳ್ಳೆಯ ವಾಸನೆ ಅನ್ನುತ್ತಾರೆ. ನನಗೆ ಅದು ಮೂಗಿಗೆ ಬಡಿದರೆ ಕಣ್ಣು ಮೊದಲು ಸೂರಿನ ಕಡೆ ಹೋಗುತ್ತದೆ.

ಸಣ್ಣ ಪ್ರಾಯದ ಗಂಡ ಹೆಂಡತಿ ಇಬ್ಬರು ಆ ರಾಶಿಯ ಮುಂದೆ ನಿಂತು ಚೌಕಾಶಿ ಮಾಡುತ್ತಿದ್ದರು. ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ.

“ಇದು ಎಷ್ಟು ಮನೆ ಹಂಚು?” ಎಂದು ಮಾರುವವನನ್ನು ಕೇಳಿದೆ.

“ಎಷ್ಟು ಮನೆದಾದ್ರೆ ಎಂತ ಅಜ್ಜಿ? ಹಂಚು ಹಂಚೇ.”

“ಎಲ್ಲಾ ಹಂಚು ಒಂದೇ ಅಲ್ಲ. ಅದಕ್ಕೇ ಕೇಳಿದ್ದು.”

“ಅಜ್ಜಿ, ನಿಮ್ಮ ಬಸ್ಸು ಬಂತು ನೋಡಿ,” ಎಂದ. ಬಸ್ಸು ಬಂದಿರಲಿಲ್ಲ.

ಆ ಹುಡುಗಿ ಮಾತ್ರ ನನ್ನ ಮುಖ ನೋಡಿ, ಒಂದು ಹಂಚು ಎತ್ತಿ ಇನ್ನೊಂದರ ಪಕ್ಕ ಹಿಡಿದಳು. ಅಷ್ಟರಲ್ಲಿ ಬಸ್ಸು ನಿಜವಾಗಿಯೇ ಬಂತು. ಅವಳಿಗೆ ಹೇಳದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಇಯತ್ತೆವರೆಗೆ. ಆದರೆ ಮನೆಯ ಮಾಡಿನ, ತಲೆಯ ಮೇಲಿನ ಸೂರಿನ ವಿಷಯದಲ್ಲಿ ನನಗೆ ತಿಳಿದದ್ದು ಶಾಲೆಯಲ್ಲಿ ಕಲಿತದ್ದಲ್ಲ, ಒಂದು ಮಳೆಗಾಲದಲ್ಲಿ ಕಲಿತದ್ದು.

ನಮ್ಮ ಮನೆ ಕಾಸರಕೋಡಿನಲ್ಲಿ, ಹೊನ್ನಾವರದ ಹೊಳೆ ದಾಟಿದ ಕೂಡಲೇ. ನಮ್ಮನೆಯವರು ಬೋಟಿಗೆ ಹೋಗುತ್ತಿದ್ದರು. ನಾನು ಮೀನು ಒಣಗಿಸಿ ಮಾರುತ್ತಿದ್ದೆ. ಒಬ್ಬಳೇ ಮಗಳು, ನಾಗವೇಣಿ. ಅವಳನ್ನು ಮುರ್ಡೇಶ್ವರಕ್ಕೆ ಕೊಟ್ಟಿದ್ದೆವು. ಹೆದ್ದಾರಿ ಅಗಲ ಮಾಡಲು ರಸ್ತೆ ಅಗೆದು ಹಾಕಿದ್ದ ವರ್ಷ ಅವಳು ಬಸುರಿಯಾದಳು. ದಿನ ತುಂಬುವುದು ಮಳೆಗಾಲದ ನಡುವೆ. ಚೊಚ್ಚಲ ಬಾಣಂತನ ತಾಯಿಯ ಮನೆಯಲ್ಲಿ ಆಗಬೇಕು. ನಮ್ಮಲ್ಲಿ ಅದು ಯಾರನ್ನೂ ಕೇಳಿ ಮಾಡುವ ಮಾತಲ್ಲ.

ಆಗ ನಮ್ಮ ಮನೆಗೆ ಇದ್ದದ್ದು ಸಿಮೆಂಟ್ ಶೀಟು. ಬೇಸಿಗೆಯಲ್ಲಿ ಒಲೆಯೊಳಗೆ ಕೂತ ಹಾಗೆ, ಮಳೆಯಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳದ ಹಾಗೆ. ಎರಡು ಕಡೆ ಬಿರುಕು ಬಿಟ್ಟಿತ್ತು. ಮಗಳು ಬರುವುದರೊಳಗೆ ಹಂಚು ಹೊದೆಸಬೇಕು ಎಂದು ನಾನು ಹಟ ಹಿಡಿದೆ. ಅದು ಸರಿಯಾದ ಹಟವೇ. ಮುಂದೆ ಮಾಡಿದ್ದು ತಪ್ಪು.

ಆ ವರ್ಷ ಭಟ್ಕಳದಿಂದ ಕುಮಟಾದವರೆಗೆ ರಸ್ತೆಯ ಎರಡೂ ಬದಿ ಮನೆಗಳನ್ನು ಕೆಡವುತ್ತಿದ್ದರು. ಬಾಗಿಲು ಒಂದು ಕಡೆ, ಕಿಟಕಿ ಒಂದು ಕಡೆ, ಹಂಚು ಒಂದು ಕಡೆ ಗುಡ್ಡೆ ಬಿದ್ದಿರುತ್ತಿತ್ತು. ಅಷ್ಟು ಚಂದದ ಹಂಚು ಕೇಳುವವರಿಲ್ಲದೆ ಬಿದ್ದದ್ದು ನೋಡಿ ನನ್ನ ಕೈ ತಡೆಯಲಿಲ್ಲ. ಭಟ್ಕಳದಲ್ಲಿ ನವಾಯತರ ಹಳೆಯ ಮನೆಯೊಂದರದ್ದು ಒಂದಿಷ್ಟು ತಂದೆ. ಹೊನ್ನಾವರದಲ್ಲಿ ಒಂದು ಅಂಗಡಿ ಕಟ್ಟಡದ್ದು ಸಿಕ್ಕಿತು. ಕಡಿಮೆ ಬಿದ್ದದ್ದಕ್ಕೆ ಕುಮಟಾದಿಂದ ಇನ್ನೊಂದು ಮನೆಯದ್ದನ್ನು ಟೆಂಪೋದಲ್ಲಿ ಹೇರಿಸಿಕೊಂಡು ಬಂದೆ. ಹೊಸ ಹಂಚಿನ ಬೆಲೆಯ ಕಾಲು ಭಾಗಕ್ಕೆ ಸಿಕ್ಕಿತು ಎಂದು ಮೀನು ಪೇಟೆಯಲ್ಲಿ ಎಲ್ಲರಿಗೂ ಹೇಳಿದೆ.

ಉಳಿದ ದುಡ್ಡಿನಲ್ಲಿ ಮುಂದಿನ ಕೋಣೆಯ ನೆಲಕ್ಕೆ ಮುಖ ಕಾಣುವಂಥ ಬಿಳಿ ಟೈಲ್ಸ್ ಹಾಕಿಸಿದೆ. ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಬೀಗರು ಬರುತ್ತಾರೆ. ಬಂದವರು ನೋಡುವುದು ನೆಲವನ್ನು. ತಲೆ ಎತ್ತಿ ಮಾಡು ನೋಡುವವರು ಯಾರು? ಇದು ನನ್ನ ಬುದ್ಧಿ.

ಹಂಚು ಹೊದೆಸಲು ನಮ್ಮೂರಿನ ಇನಾಸನನ್ನು ಕರೆಸಿದೆ. ಬಡಗಿ. ಸುತ್ತಲಿನ ಅರ್ಧ ಮನೆಗಳ ಮಾಡು ಅವನ ಕೈಯಲ್ಲೇ ಆದದ್ದು. ಮನೆಯಲ್ಲಿ ಕೊಂಕಣಿ, ನಮ್ಮ ಹತ್ತಿರ ಕನ್ನಡ, ಹೆಂಗಸರಿಗೆಲ್ಲ ‘ಬಾಯೆ’ ಎನ್ನುವವನು. ಬಂದವನು ಮೂರೂ ರಾಶಿಯಿಂದ ಒಂದೊಂದು ಹಂಚು ಎತ್ತಿಕೊಂಡು ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂತ. ಒಂದರ ಅಂಚಿಗೆ ಇನ್ನೊಂದನ್ನು ಸೇರಿಸಿ ನೋಡಿದ. ತಿರುಗಿಸಿ ನೋಡಿದ.

“ಬಾಯೆ, ಇದು ಮೂರು ಕಾರ್ಖಾನೆ ಹಂಚು. ಇದರ ಅಂಚು ಇದರ ಕಾಲುವೆಯೊಳಗೆ ಕೂರೂದಿಲ್ಲ. ಕೂತ ಹಾಂಗೆ ಕಾಣ್ತದೆ, ಕೂತಿಲ್ಲ.”

“ಕೂದಲಿನಷ್ಟು ಸಂದಿ ಅದೆ. ಅದಕ್ಕೆ ಎಂತ ಆತು?”

“ಪಡುಗಾಳಿಗೆ ಅಷ್ಟೇ ಸಾಕು. ಮತ್ತೆ ಈ ಇಳಿಜಾರು ಶೀಟಿಗೆ ಮಾಡಿದ್ದು. ಹಂಚಿಗೆ ಸಾಲೂದಿಲ್ಲ. ನಡು ಗೋಡೆ ಏರಿಸ್ಬೇಕು.”

“ಗೋಡೆ ಏರಿಸಿದ್ರೆ ಮರ ಬೇರೆ ಬೇಕು, ಹಂಚೂ ಜಾಸ್ತಿ ಬೇಕು.”

“ಬೇಕು.”

“ಬ್ಯಾಡ. ಇದ್ದದ್ರ ಮೇಲೇ ಹೊದೆಸು.”

“ನಾ ಹೊದೆಸೂದಿಲ್ಲ ಬಾಯೆ. ನಾಳೆ ಸೋರಿದ್ರೆ ಜನ ಇನಾಸ ಮಾಡಿದ್ದು ಅಂತಾರೆ. ನಿಮ್ಮ ಹೆಸರು ಯಾರೂ ಹೇಳೂದಿಲ್ಲ.”

“ಹೊದೆಸೂಕೆ ಬರೂದಿಲ್ಲ ಹೇಳು, ಮುಗೀತು.”

ಅವನಿಗೆ ಸಿಟ್ಟು ಬರಲಿಲ್ಲ. ಕೊಟ್ಟ ಚಾ ತಳದವರೆಗೆ ಕುಡಿದ, ಲೋಟ ಕವುಚಿಟ್ಟ, ಕೈಯ ಧೂಳು ಕೊಡವಿಕೊಂಡು ಹೋದ. ನಾನು ಶೀಟು ಹಾಕುವ ಆಳುಗಳನ್ನು ಹಿಡಿದು ಮೂರು ದಿನದಲ್ಲಿ ಕೆಲಸ ಮುಗಿಸಿದೆ. ಅವರು ಯಾವ ರಾಶಿ ಕೈಗೆ ಸಿಕ್ಕಿತೋ ಆ ರಾಶಿಯಿಂದ ಹೊದೆಸಿದರು. ದೂರದಿಂದ ನೋಡಿದರೆ ಕೆಂಪಗೆ ಚಂದ ಕಾಣುತ್ತಿತ್ತು.

ಮೊದಲ ಮಳೆ ನೆಟ್ಟಗೆ ಬಿತ್ತು. ಒಂದು ಹನಿ ಒಳಗೆ ಬರಲಿಲ್ಲ. ಆ ವಾರ ನಾನು ಕೆಲಸವಿಲ್ಲದಿದ್ದರೂ ಇನಾಸನ ಮನೆಯ ಮುಂದೆ ಎರಡು ಸಲ ಹೋಗಿ ಬಂದೆ. ಅವನು ಜಗುಲಿಯಲ್ಲಿ ಕೂತು ಉಳಿಗೆ ಸಾಣೆ ಹಿಡಿಯುತ್ತಿದ್ದ.

ನಾಗವೇಣಿಗೆ ಹೊನ್ನಾವರದ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು. ನಾಲ್ಕನೇ ದಿನಕ್ಕೆ ಮನೆಗೆ ಕರೆತಂದೆವು. ಒಳಕೋಣೆಯಲ್ಲಿ ಮಂಚ, ಮಂಚದ ಕೆಳಗೆ ಕೆಂಡದ ಬಾಣಲೆ, ಮೂಲೆಯಲ್ಲಿ ಬಿದಿರು ಬುಟ್ಟಿ ಕವುಚಿ ಅದರ ಮೇಲೆ ಮಗುವಿನ ಬಟ್ಟೆ. ಎಲ್ಲ ಸರಿಯಾಗಿತ್ತು. ಎರಡು ದಿನ ನಾನೇ ಮಗುವಿಗೆ ಎಣ್ಣೆ ತಿಕ್ಕಿ ಮೀಯಿಸಿದೆ. ಮೂರನೇ ದಿನ ಪಡುಗಾಳಿ ಎದ್ದಿತು.

ಸಮುದ್ರದ ಕಡೆಯಿಂದ ಬರುವ ಮಳೆ ಮೇಲಿಂದ ಬೀಳುವುದಿಲ್ಲ, ಪಕ್ಕದಿಂದ ಬರುತ್ತದೆ. ಇಳಿಜಾರು ಕಡಿಮೆ ಇದ್ದರೆ ಹಂಚಿನ ಮೇಲಿನ ನೀರನ್ನು ಗಾಳಿ ಮೇಲಕ್ಕೆ ದೂಡುತ್ತದೆ. ಸಂದಿ ಸಿಕ್ಕಿದಲ್ಲಿ ಅದು ಒಳಗೆ. ಮಧ್ಯಾಹ್ನದ ಹೊತ್ತಿಗೆ ಮುಂದಿನ ಕೋಣೆಯಲ್ಲಿ ಐದು ಕಡೆ, ಅಡುಗೆಮನೆಯಲ್ಲಿ ಮೂರು ಕಡೆ ಸೋರಿತು. ಬಾಣಂತಿ ಮಂಚದ ಮೇಲೆ ಒಂದೇ ಕಡೆ, ಆದರೆ ಸರಿಯಾಗಿ ತಲೆದಿಂಬಿನ ಮೇಲೆ. ಮಂಚ ಎಳೆದೆವು. ಎಳೆದಲ್ಲಿಯೂ ಸೋರಿತು. ನಮ್ಮನೆಯವರು ದೋಟಿ ತಂದು ಒಳಗಿನಿಂದ ಹಂಚು ಕುಟ್ಟಿ ಸರಿಸಲು ನೋಡಿದರು. ಒಂದು ಸರಿದರೆ ಪಕ್ಕದ್ದು ಬಾಯಿ ಬಿಡುತ್ತಿತ್ತು. ಅಡಿಕೆ ಹಾಳೆಯ ಚೂರು ಸಿಕ್ಕಿಸಿದರು. ಗಾಳಿ ಅದನ್ನೂ ಕಿತ್ತು ಕೆಳಗೆ ಹಾಕಿತು.

“ಬೋಟಿನಾಗೆ ನೀರು ಮೊಗೆದದ್ದು ಸಾಲ್ಲಿಲ್ಲ ಕಾಣ್ತದೆ ನಂಗೆ,” ಎಂದು ಬೋಗುಣಿ ಹಿಡಿದು ನಿಂತರು.

“ಸುಮ್ನೆ ಮೊಗೀರಿ,” ಎಂದೆ.

ನಾಗವೇಣಿ ಮಗುವನ್ನು ಎದೆಗೆ ಅವುಚಿಕೊಂಡು ಮಂಚದ ಒಂದು ಮೂಲೆಯಲ್ಲಿ ಕೂತಿದ್ದಳು. ಮಲಗಲು ಒಣ ಜಾಗ ಇರಲಿಲ್ಲ. ಕೆಂಡಕ್ಕೆ ಹನಿ ಬಿದ್ದು ಕೋಣೆಯ ತುಂಬ ಹೊಗೆ. ಬುಟ್ಟಿಯ ಮೇಲಿನ ಬಟ್ಟೆ ಒಣಗಲಿಲ್ಲ. ಅವಳು ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರ ಆಗುತ್ತಿದ್ದೆ.

ಹನ್ನೆರಡನೇ ದಿನ ಅವಳ ಅತ್ತೆ ಮಾದೇವಕ್ಕ ತೊಟ್ಟಿಲು ಶಾಸ್ತ್ರಕ್ಕೆ ಬಂದರು. ಗಟ್ಟಿ ಆಳು, ಮಾತು ಕಮ್ಮಿ. ಒಂದು ಕೈಯಲ್ಲಿ ಮಗುವಿನ ಬಟ್ಟೆಯ ಚೀಲ, ಇನ್ನೊಂದರಲ್ಲಿ ತೆಂಗಿನಕಾಯಿ. ಹೊಸ್ತಿಲು ದಾಟಿ ನನ್ನ ಬಿಳಿ ಟೈಲ್ಸಿನ ಮೇಲೆ ಕಾಲಿಟ್ಟರು. ನಾನು ಬೆಳಗಿನಿಂದ ಏಳು ಸಲ ಒರೆಸಿದ್ದೆ. ಎಂಟನೇ ಸಲದ ನೀರು ಆಗಲೇ ಬಿದ್ದಿತ್ತು. ಕಾಲು ಜಾರಿ ಅವರು ಕೂತೇ ಬಿಟ್ಟರು. ತೆಂಗಿನಕಾಯಿ ಉರುಳಿ ಮೂಲೆಗೆ ಹೋಯಿತು.

ಕೂತಲ್ಲಿಂದಲೇ ಅವರು ತಲೆ ಎತ್ತಿ ಮೇಲೆ ನೋಡಿದರು. ಆಮೇಲೆ ಸುತ್ತ ಇಟ್ಟ ಬೋಗುಣಿ, ಕೊಡಪಾನ, ಬಕೆಟ್ಟು ಎಲ್ಲ ನೋಡಿದರು.

“ಪೆಟ್ಟಾತಾ ಮಾದೇವಕ್ಕ?”

“ನಂಗೆ ಎಂತ ಆಗೂದಿಲ್ಲ. ಕೂಸು ಎಲ್ಲದೆ?”

ಒಳಗೆ ಹೋಗಿ ಮಗುವಿನ ಪಾದ ಮುಟ್ಟಿದರು. ತಣ್ಣಗಿತ್ತು. ಮಗುವಿಗೆ ಎರಡು ದಿನದಿಂದ ಮೂಗು ಕಟ್ಟಿತ್ತು. ಅದನ್ನು ನಾನು ಹೇಳಿರಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ, ಅದು ಉಸಿರೆಳೆಯುವ ಸದ್ದು ಬಾಗಿಲವರೆಗೆ ಕೇಳುತ್ತಿತ್ತು.

“ನಾಗವೇಣಿ, ಬಟ್ಟೆ ಕಟ್ಕ. ತೊಟ್ಟಿಲು ಅಲ್ಲೇ ಕಟ್ಟುವ,” ಎಂದರು.

“ಚೊಚ್ಚಲು ಬಾಣಂತನ ನಮ್ದು,” ಎಂದೆ.

“ಹೌದು. ಯಾರು ಇಲ್ಲ ಅಂದ್ರು? ಮಾಡು ಇದ್ರೆ ಮಾಡಿ.”

ಬಿಸಿ ಮಾತಲ್ಲ ಅದು. ಇದ್ದದ್ದನ್ನು ಹೇಳಿದ್ದು. ಬುಟ್ಟಿಯ ಮೇಲಿನ ಬಟ್ಟೆ ತೆಗೆದು ನಾನೇ ಮಡಿಸಿ ಕೊಟ್ಟೆ. ರಿಕ್ಷಾ ಬಂತು. ಪಕ್ಕದ ಮನೆಯವರೆಲ್ಲ ಕೊಡೆ ಹಿಡಿದು ಬಂದು ನಿಂತರು. ತಾಯಿಮನೆಯಿಂದ ಹನ್ನೆರಡನೇ ದಿನಕ್ಕೆ ಬಾಣಂತಿಯನ್ನು ಕರೆದುಕೊಂಡು ಹೋದದ್ದು ನಮ್ಮ ಕೇರಿಯಲ್ಲಿ ಅದೇ ಮೊದಲು.

ಮರುದಿನ ಇನಾಸನ ಮನೆಗೆ ಹೋದೆ. ಈ ಸಲ ಮುಂದಿನಿಂದ ಹಾದು ಹೋಗಲಿಲ್ಲ, ಮೆಟ್ಟಿಲು ಹತ್ತಿದೆ.

“ಹೇಳೂದಾದ್ರೆ ಹೇಳಿಬಿಡು. ಆಮೇಲೆ ಬಂದು ನೋಡು,” ಎಂದೆ.

“ಎಂತ ಹೇಳೂದು ಬಾಯೆ? ಹೇಳೂದು ಬೇಸಿಗೆಲ್ಲೇ ಹೇಳಿ ಆಗ್ಯದೆ,” ಎಂದ. “ಈಗ ಮಾಡು ಬಿಚ್ಚಿದ್ರೆ ಗೋಡೆಯೂ ಹೋತದೆ. ಹೊಳವಾದ ದಿನ ಬತ್ತೆ. ಅಲ್ಲೀವರೆಗೆ ತಾಡಪಲ್ ಕಟ್ಕಣಿ.”

ಹೊಳವು ಅಂದರೆ ಮಳೆಯ ನಡುವೆ ಎರಡು ದಿನ ಬಿಸಿಲು ಬೀಳುವುದು. ಅದು ಕೇಳಿದಾಗ ಬರುವುದಿಲ್ಲ. ತಾಡಪಲ್ ಕಟ್ಟಿ ಮನೆಯಲ್ಲಿ ಕೂತೆ. ತೊಟ್ಟಿಲು ಕಟ್ಟಲು ತೊಲೆಗೆ ಹಾಕಿದ್ದ ಹಗ್ಗ ಹಾಗೆಯೇ ತೂಗುತ್ತಿತ್ತು. ಒಂದು ದಿನ ಕೂತೆ, ಎರಡು ದಿನ ಕೂತೆ. ಮೂರನೇ ದಿನ ಹೊಳೆಯ ಮೀನು ನಾಲ್ಕು, ಬೆಳ್ಳುಳ್ಳಿ, ಒಳ್ಳೆಮೆಣಸು ಚೀಲಕ್ಕೆ ಹಾಕಿಕೊಂಡು ಮುರ್ಡೇಶ್ವರದ ಬಸ್ಸು ಹತ್ತಿದೆ. ಬಾ ಎಂದು ಯಾರೂ ಕರೆದಿರಲಿಲ್ಲ.

ಮಾದೇವಕ್ಕ ನನ್ನನ್ನು ನೋಡಿ, “ಬಂದ್ರಾ,” ಎಂದರು, ಅಷ್ಟೆ. ಹಿತ್ತಲಲ್ಲಿ ಹಂಡೆಯ ನೀರು ಕುದಿಯುತ್ತಿತ್ತು. ಮಗುವನ್ನು ಮೀಯಿಸಲು ಬರುವ ಹೆಂಗಸು ಆ ದಿನ ಬಂದಿರಲಿಲ್ಲ. ಮಾದೇವಕ್ಕನಿಗೆ ಮಂಡಿನೋವು. ಕಾಲು ಚಾಚಿ ಮಣೆಯ ಮೇಲೆ ಕೂತರೆ ಏಳಲು ಆಗುತ್ತಿರಲಿಲ್ಲ. ನಮ್ಮ ಟೈಲ್ಸಿನ ಮೇಲೆ ಬಿದ್ದ ಮೇಲೆ ಅದು ಇನ್ನಷ್ಟು ಹೆಚ್ಚಾಗಿತ್ತು. ಅವರು ನಡೆಯುವುದು ನೋಡಿಯೇ ಗೊತ್ತಾಯಿತು.

“ಗಿರಿಜಕ್ಕ, ಕೈ ತೊಳ್ಕಂಡು ಕೂತ್ಕಣಿ,” ಎಂದು ಮಣೆ ತಂದು ಹಾಕಿದರು.

ಸೀರೆ ಎತ್ತಿ ಕಟ್ಟಿ ಕೂತೆ. ಮಗುವನ್ನು ನಾನು ಚಾಚಿದ ಕಾಲ ಮೇಲೆ ಬೋರಲು ಹಾಕಿದರು. ನೀರು ಹೊಯ್ದ ಕೂಡಲೇ ಒಂದು ಸಲ ಕಿರುಚಿತು, ಆಮೇಲೆ ಬಿಸಿಗೆ ಸುಮ್ಮನಾಗಿ ನನ್ನ ಕಾಲು ನೆಕ್ಕಲು ನೋಡಿತು. ಉಸಿರಿನ ಗೊರಗೊರ ಹೋಗಿತ್ತು. ಪಾದ ಬೆಚ್ಚಗಿತ್ತು. ಸಾಂಬ್ರಾಣಿ ಹೊಗೆ ಹಿಡಿದು ಬಟ್ಟೆ ಸುತ್ತಿ ನಾಗವೇಣಿಯ ಕೈಗೆ ಕೊಟ್ಟೆ. ಹೊರಡುವಾಗ ಮಾದೇವಕ್ಕ ಕೇಳಿದರು.

“ನಾಳೆ ಬತ್ರಾ? ಆ ಹೆಂಗ್ಸಿಗೆ ಬ್ಯಾಡ ಹೇಳಲಾ?”

“ಹೇಳಿ,” ಎಂದೆ.

ಹಾಗೆ ಶುರುವಾಯಿತು. ದಿನಾ ಬೆಳಿಗ್ಗೆ ಗಂಜಿ ಕುಡಿದು ಬಸ್ಸು. ರಸ್ತೆ ಪೂರ ಅಗೆದು ಹಾಕಿದ್ದರಿಂದ ಬಸ್ಸು ಬೋಟಿನ ಹಾಗೆ ಹೊಯ್ದಾಡುತ್ತಿತ್ತು. ಕ್ರಾಸಿನಲ್ಲಿ ಇಳಿದು ಕೆಸರಿನಲ್ಲಿ ನಡೆದು ಹೋಗಿ ಮಗುವನ್ನು ಮೀಯಿಸಿ, ಮಗಳಿಗೆ ತಲೆಗೆ ಎಣ್ಣೆ ಹಾಕಿ, ಮೀನು ಸಾರು ಮಾಡಿಟ್ಟು, ಊಟ ಮಾಡಿ ವಾಪಸು. ಕಂಡಕ್ಟರನಿಗೆ ನನ್ನ ಗುರುತು ಹತ್ತಿ, “ಅಮ್ಮ, ಇಂದು ಕೂಸು ನಕ್ತಾ?” ಎಂದು ಕೇಳುತ್ತಿದ್ದ.

ಊಟ ಆದ ಮೇಲೆ ಬಸ್ಸಿನ ಹೊತ್ತಿನವರೆಗೆ ನಾನು ಮತ್ತು ಮಾದೇವಕ್ಕ ನಡುಕೋಣೆಯಲ್ಲಿ ಅಡ್ಡ ಬೀಳುತ್ತಿದ್ದೆವು. ಆ ಮನೆಯ ನೆಲ ಸಗಣಿ ಸಾರಿಸಿದ ಮಣ್ಣಿನದ್ದು. ಗೋಡೆಯ ಸುಣ್ಣ ಯಾವ ಕಾಲದ್ದೋ. ಆದರೆ ಮಲಗಿ ಮೇಲೆ ನೋಡಿದರೆ ಕಣ್ಣಿಗೆ ಹಬ್ಬ. ಕಪ್ಪಗೆ ಗಟ್ಟಿ ಮರದ ತೊಲೆ, ಒಂದೇ ಅಳತೆಯ ರೀಪು, ಅದರ ಮೇಲೆ ಹಂಚು ಮೀನಿನ ಹುರುಪೆಯ ಹಾಗೆ ಒಂದಕ್ಕೊಂದು ಹಿಡಿದು ಕೂತಿತ್ತು. ಎಲ್ಲಿಯೂ ಬೆಳಕಿನ ಗೆರೆ ಇಲ್ಲ. ಕಡಿದಾದ ಇಳಿಜಾರು. ಹೊರಗೆ ಅದೇ ಪಡುಗಾಳಿ, ಅದೇ ಮಳೆ. ಒಳಗೆ ಅದರ ಸದ್ದು ಮಾತ್ರ, ಅದೂ ದೂರದಲ್ಲಿ ಯಾರೋ ಅಕ್ಕಿ ಕೇರಿದ ಹಾಗೆ.

“ನಮ್ಮ ಮಾವ ಮಾಡಿಸಿದ್ದು,” ಎಂದರು ಮಾದೇವಕ್ಕ. “ಗೋಡೆಗೆ ಗಿಲಾವು ಇಲ್ದೆ ಆರು ವರ್ಷ ಇದ್ದಿದ್ರಂತೆ. ಬಾಗಿಲಿಗೆ ತಟ್ಟಿ ಕಟ್ಕಂಡಿದ್ರಂತೆ. ಮಾಡು ಮಾತ್ರ ಮೊದ್ಲೇ. ಊರವ್ರು ನಗಾಡಿದ್ರಂತೆ.”

“ನಾ ಇದ್ದಿದ್ರೆ ನಾನೂ ನಗಾಡ್ತಿದ್ದೆ,” ಎಂದೆ.

“ನೀವು ಮೊದ್ಲು ನಗಾಡ್ತಿದ್ರಿ,” ಎಂದರು. ಇಬ್ಬರೂ ನಕ್ಕೆವು. ಅವರ ಜೊತೆ ನಾನು ನಕ್ಕದ್ದು ಅದೇ ಮೊದಲ ಸಲ.

ಗೋಡೆ ಇಂದು ಅರ್ಧ, ಬರುವ ವರ್ಷ ಅರ್ಧ ಎಂದು ಮಾಡಬಹುದು. ನೆಲ ಯಾವಾಗ ಬೇಕಾದರೂ ಮಾಡಬಹುದು. ಮಾಡು ಅರ್ಧ ಆಗುವುದಿಲ್ಲ. ಅದು ಕೆಟ್ಟರೆ ಅದೊಂದೇ ಕೆಡುವುದಿಲ್ಲ, ಅದರ ಕೆಳಗೆ ಇದ್ದದ್ದೆಲ್ಲ ಕೆಡುತ್ತದೆ. ನಮ್ಮ ಮನೆಯಲ್ಲಿ ಗೋಡೆ ನೆನೆದು ಬುಡದಲ್ಲಿ ಮಣ್ಣು ಉದುರುತ್ತಿತ್ತು. ಮಳೆಗಾಲಕ್ಕೆಂದು ಕಟ್ಟಿಟ್ಟ ಒಣಮೀನಿಗೆ ಹುಳ ಬಿದ್ದಿತ್ತು. ಅಗ್ಗಕ್ಕೆ ತಂದ ಹಂಚು ಏನೇನು ತಿಂದಿತು ಎಂಬುದು ಅಲ್ಲಿ ಅಡ್ಡ ಬಿದ್ದು ಮೇಲೆ ನೋಡುವಾಗ ಒಂದೊಂದಾಗಿ ತಲೆಗೆ ಬಂತು.

ಕಡೆಗೆ ಮಳೆ ಹೊಳವಾಯಿತು. ಇನಾಸ ಹೇಳಿದ ಹಾಗೆ ಬಂದ. ಕೇರಿಯವರೂ ಬಂದರು. ಬಾಣಂತಿ ಹೋದ ದಿನ ಕೊಡೆ ಹಿಡಿದು ನೋಡಿದವರೇ ಸಾಲಾಗಿ ನಿಂತು ಕೈಯಿಂದ ಕೈಗೆ ಹಂಚು ಇಳಿಸಿದರು. ಅಂಗಳದಲ್ಲಿ ಭಟ್ಕಳದ್ದು ಬೇರೆ, ಹೊನ್ನಾವರದ್ದು ಬೇರೆ, ಕುಮಟಾದ್ದು ಬೇರೆ ಮಾಡಿದೆವು. ಇನಾಸ ಭಟ್ಕಳದ ಹಂಚನ್ನು ಮಾತ್ರ ಆರಿಸಿ ಒಳಕೋಣೆ ಮತ್ತು ಅಡುಗೆಮನೆಯ ಮೇಲೆ ಹೊದೆಸಿದ. ಆ ಭಾಗಕ್ಕೆ ತಾನೇ ಮರ ಏರಿಸಿ ಇಳಿಜಾರು ಮಾಡಿದ. ಮುಂದಿನ ಕೋಣೆಗೆ ತಾಡಪಲ್ ಇರಲಿ ಎಂದ. ಎರಡನೇ ದಿನ ಸಂಜೆ ಮಳೆ ಮತ್ತೆ ಬಂತು. ಒಳಕೋಣೆಯಲ್ಲಿ ಒಂದು ಹನಿ ಬೀಳಲಿಲ್ಲ. ಕೆಂಡ ಹಾಕಿ ಗೋಡೆ ಒಣಗಿಸಿದೆ. ಮಂಚಕ್ಕೆ ಹೊಸ ಹಾಸಿಗೆ ಹಾಕಿದೆ.

ಬೆಳಿಗ್ಗೆ ರಿಕ್ಷಾ ಮಾಡಿಕೊಂಡೇ ಮುರ್ಡೇಶ್ವರಕ್ಕೆ ಹೋದೆ.

“ಕೋಣೆ ಒಣಗ್ಯದೆ. ಕರ್ಕಂಡು ಹೋಪೂಕೆ ಬಂದೆ,” ಎಂದೆ.

“ನಂದೇನಿಲ್ಲ. ಅವ್ಳ ಕೇಳಿ,” ಎಂದರು ಮಾದೇವಕ್ಕ.

ನಾಗವೇಣಿ ಮಗುವಿಗೆ ಹಾಲು ಕೊಡುತ್ತಿದ್ದಳು. ತಲೆ ಎತ್ತಲಿಲ್ಲ. “ಅಮ್ಮ, ನಾ ಬರೂದಿಲ್ಲ. ಅಲ್ಲಿ ಮಲಗ್ದೆ ಆರು ದಿನ ಕೂತಿದ್ದೆ. ಮತ್ತೆ ಅಲ್ಲಿ ಕಣ್ಣು ಮುಚ್ಚೂಕೆ ಆಗೂದಿಲ್ಲ ನಂಗೆ. ಮೇಲೇ ನೋಡ್ತಾ ಇರ್ತೆ.”

ನನ್ನ ಮಗಳೇ ಅವಳು. ನಾನು ಯಾರಿಗೂ ಮುಖ ನೋಡಿ ಸಿಹಿ ಮಾತಾಡಿದವಳಲ್ಲ, ಅವಳೂ ಅಲ್ಲ. ರಿಕ್ಷಾದವನನ್ನು ವಾಪಸು ಕಳಿಸಿ ಕೈ ತೊಳೆದುಕೊಂಡು ಬಂದು ಮಣೆಯ ಮೇಲೆ ಕೂತೆ. ಮಾದೇವಕ್ಕ ಮಗುವನ್ನು ತಂದು ಕಾಲ ಮೇಲೆ ಹಾಕಿದರು. ಆ ದಿನ ನೀರು ಸ್ವಲ್ಪ ಹೆಚ್ಚೇ ಹೊಯ್ದೆ ಕಾಣುತ್ತದೆ, ಹಂಡೆ ಖಾಲಿಯಾಯಿತು.

ನಲವತ್ತು ದಿನ ಮುಗಿಯುವವರೆಗೆ ಒಂದು ದಿನವೂ ತಪ್ಪಿಸಲಿಲ್ಲ. ಈಗ ಹಿಂದೆ ತಿರುಗಿ ನೋಡಿದರೆ ನನ್ನ ಆಯುಷ್ಯದಲ್ಲಿ ಅದರಷ್ಟು ಒಳ್ಳೆಯ ಮಳೆಗಾಲ ಇನ್ನೊಂದಿಲ್ಲ. ಒದ್ದೆ ಸೀರೆ, ಬಸ್ಸಿನ ಹೊಯ್ದಾಟ, ಮಗುವಿನ ತಲೆಯ ಎಣ್ಣೆ ವಾಸನೆ, ಮಾದೇವಕ್ಕನ ಕುಟುಕು ಮಾತು. ಈಗ ಮಾದೇವಕ್ಕ ಇಲ್ಲ. ನಮ್ಮನೆಯವರೂ ಇಲ್ಲ.

ಮರುವರ್ಷದ ಬೇಸಿಗೆಯಲ್ಲಿ ಕಿವಿಯ ಬಂಗಾರ ಮಾರಿ ಆ ದುಡ್ಡು ಮಾಡಿಗೆ ಹಾಕಿದೆ. ಇನಾಸ ಹೇಳಿದಷ್ಟು ಗೋಡೆ ಏರಿಸಿದೆ, ಹೇಳಿದ ಮರ ತಂದೆ, ಹಂಚು ಒಂದೇ ಕಾರ್ಖಾನೆಯದ್ದು, ಒಂದೇ ಲಾರಿಯಲ್ಲಿ. ಎದುರು ಒಂದು ಮಾತಾಡಲಿಲ್ಲ. ಅವನಿಗೇ ಗಾಬರಿಯಾಗಿ, “ಬಾಯೆ, ಆರಾಮಿದ್ರಿ ಅಲ್ವಾ?” ಎಂದು ಕೇಳಿದ. ಆಮೇಲೆ ಪ್ರತಿ ವರ್ಷ ಮಳೆಯ ಮೊದಲು ಅವನನ್ನು ಕರೆಸಿ ಹಂಚು ಕೈಯಾಡಿಸುತ್ತೇನೆ. ಒಡೆದದ್ದು ತೆಗೆದು, ಕಸ ಗುಡಿಸಿ, ಸರಿದದ್ದನ್ನು ಕೂರಿಸುವುದು. ಒಂದು ದಿನದ ಕೆಲಸ. ಒಂದು ವರ್ಷವೂ ಬಿಟ್ಟಿಲ್ಲ.

ಮಗಳಿಗೆ ನಾನು ಬಾ ಎನ್ನಲಿಲ್ಲ. ಬೇಸಿಗೆಯಲ್ಲಿ ಬರುತ್ತಿದ್ದಳು, ಹಬ್ಬಕ್ಕೆ ಬರುತ್ತಿದ್ದಳು, ಮಳೆಗಾಲದಲ್ಲಿ ಉಳಿಯುತ್ತಿರಲಿಲ್ಲ. ಸಂಜೆಯ ಬಸ್ಸಿಗೆ ಹೊರಟು ಬಿಡುತ್ತಿದ್ದಳು. ನಾಲ್ಕು ಮಳೆಗಾಲ ಹಾಗೆಯೇ ಹೋಯಿತು. ಐದನೆಯದ್ದರಲ್ಲಿ ಅವಳಿಗೆ ಎರಡನೆಯದು ಹುಟ್ಟಿತು. ಎರಡನೇ ಬಾಣಂತನ ತಾಯಿಮನೆಯಲ್ಲೇ ಆಗಬೇಕೆಂದು ಕಟ್ಟಳೆಯೇನೂ ಇಲ್ಲ. ಆಸ್ಪತ್ರೆಯಿಂದ ಹೊರಡುವಾಗ ರಿಕ್ಷಾದವನು ಎಲ್ಲಿಗೆ ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅವಳು, “ಕಾಸರಕೋಡಿಗೆ,” ಎಂದಳು.

ಬಂದ ದಿನವೇ ಪಡುಗಾಳಿ ಎದ್ದಿತು. ತೆಂಗಿನ ಮರ ನೆಲ ಮುಟ್ಟುವ ಹಾಗೆ ಬಾಗುತ್ತಿತ್ತು. ನಾನು ಮಗುವನ್ನು ಮೀಯಿಸಿ ತಂದು ಪಕ್ಕದಲ್ಲಿ ಮಲಗಿಸಿದೆ. ನಾಗವೇಣಿ ಅಂಗಾತ ಮಲಗಿ ಸ್ವಲ್ಪ ಹೊತ್ತು ಮೇಲೆ ನೋಡಿದಳು. ನಾನು ಬಟ್ಟೆ ಮಡಿಸುವ ನೆವದಲ್ಲಿ ಅಲ್ಲೇ ನಿಂತೆ. ಅವಳು ಮಗ್ಗುಲು ಬದಲಿಸಿ ಕಣ್ಣು ಮುಚ್ಚಿದಳು. ಮಧ್ಯಾಹ್ನ ಊಟಕ್ಕೆ ಬಡಿಸಿ ಕರೆದರೂ ಏಳಲಿಲ್ಲ. ಬಾಯಿ ಸ್ವಲ್ಪ ತೆರೆದು ಗೊರಕೆ ಹೊಡೆಯುತ್ತಿದ್ದಳು. ಅನ್ನ ತಣ್ಣಗಾಯಿತು. ಎಬ್ಬಿಸಲಿಲ್ಲ.